ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ: ಯಾವ ಬೆಂಚ್‌ಮಾರ್ಕನ್ನು ಎಷ್ಟು ನಂಬಬೇಕು?

ಎಂಜಿನಿಯರಿಂಗ್ ಸೀಟು ಹಂಚಿಕೆ ಶುರುವಾಯಿತೆಂದರೆ ದಾವಣಗೆರೆಯಲ್ಲಿ ಲ್ಯಾಪ್‌ಟಾಪ್ ವಿಚಾರಣೆ ಜೋರಾಗುತ್ತದೆ. ವಿದ್ಯಾನಗರದ ಹಾಸ್ಟೆಲ್ ಹುಡುಗರಿಂದ ಹಿಡಿದು ಹರಿಹರ, ಚನ್ನಗಿರಿ, ಚಿತ್ರದುರ್ಗದಿಂದ ಮಗನನ್ನು ಕರೆದುಕೊಂಡು ಬರುವ ಅಪ್ಪಂದಿರ ತನಕ ಎಲ್ಲರ ಫೋನಿನಲ್ಲೂ ಒಂದು ಸ್ಕ್ರೀನ್‌ಶಾಟ್ ಇರುತ್ತದೆ. "ಅಣ್ಣಾ, ಇದಕ್ಕೆ ಟೈಮ್ ಸ್ಪೈನಲ್ಲಿ ಹತ್ತು ಸಾವಿರ ಬಂದಿದೆಯಂತೆ, ಅದಕ್ಕೆ ಎಂಟೂವರೆ ಸಾವಿರವಂತೆ. ಹತ್ತು ಸಾವಿರದ್ದೇ ತಗೊಳ್ಳಲಾ?" ಟೈಮ್ ಸ್ಪೈ ಎಂದರೆ 3ಡಿಮಾರ್ಕ್ ಎಂಬ ಪ್ರೋಗ್ರಾಂನಲ್ಲಿರುವ ಒಂದು ಬೆಂಚ್‌ಮಾರ್ಕ್, ಅಂದರೆ ಗ್ರಾಫಿಕ್ಸ್ ವೇಗ ಅಳೆಯುವ ಪರೀಕ್ಷೆ. ಸ್ಕೋರು ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದನ್ನು ಯಾರು ತೆಗೆದರು, ಹೇಗೆ ತೆಗೆದರು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ನನ್ನ ಲೆಕ್ಕ ಸರಳ. ಯಾವ ಪರೀಕ್ಷೆ ನಂಬಬೇಕು ಎನ್ನುವ ಮುಂಚೆ, ಈ ವ್ಯಾಪಾರದಲ್ಲಿ ಸ್ಕೋರು ಏರಿಸಿದರೆ ಲಾಭ ಯಾರಿಗೆ ಎಂದು ನೋಡಿ. ಹೊಸ ಕಾರ್ಡಾದರೆ ಚಿಪ್ ಕಂಪನಿಗೆ. ಲ್ಯಾಪ್‌ಟಾಪ್ ಆದರೆ ಅದನ್ನು ತಯಾರಿಸಿದ ಕಂಪನಿಗೆ. ಹಳೇ ಕಾರ್ಡಾದರೆ ಮಾರುವವನಿಗೆ. ಒಬ್ಬೊಬ್ಬರ ಕೈಚಳಕ ಒಂದೊಂದು ಥರ. ಅದಕ್ಕೇ ಎಲ್ಲಕ್ಕೂ ಒಂದೇ ಪರೀಕ್ಷೆ ಸಾಲುವುದಿಲ್ಲ.

ಕಂಪನಿಯ ಚಾರ್ಟು

ಇದನ್ನು ಬೇಗ ಮುಗಿಸೋಣ. 2025ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಹೊಸ ಆರ್‌ಟಿಎಕ್ಸ್ 5070ಕ್ಕೆ 4090ರ ವೇಗ ಇದೆ ಎಂದು ವೇದಿಕೆ ಮೇಲೆ ಹೇಳಿತು. 549 ಡಾಲರಿನ ಕಾರ್ಡು, ಹಿಂದಿನ ತಲೆಮಾರಿನ 1,599 ಡಾಲರಿನ ಕಾರ್ಡಿಗೆ ಸಮವಂತೆ! ಆ ಲೆಕ್ಕದಲ್ಲಿ ಮಲ್ಟಿ ಫ್ರೇಮ್ ಜನರೇಷನ್ ಸೇರಿತ್ತು. ಆಟ ನಿಜವಾಗಿ ಬಿಡಿಸಿದ ಒಂದು ಫ್ರೇಮಿಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಎಐ ಮೂರು ಫ್ರೇಮುಗಳ ತನಕ ತಾನೇ ಸೇರಿಸುತ್ತಿತ್ತು. 4090ಕ್ಕೆ ಒಂದನ್ನಷ್ಟೇ ಸೇರಿಸಲು ಬರುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವುದು ನಿಜ. ಆದರೆ ನೀವು ಮೌಸ್ ಅಲುಗಿಸಿದಾಗ ಆಟ ಸ್ಪಂದಿಸುವ ವೇಗ ಅದರಿಂದ ಹೆಚ್ಚುವುದಿಲ್ಲ. ಇದು ಸುಳ್ಳು ಅಂತ ಹೇಳಲಾರೆ, ಸರಿಯಾದ ಹೋಲಿಕೆ ಅಂತಲೂ ಹೇಳಲಾರೆ. ಚಾರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಫ್ರೇಮ್ ಜನರೇಷನ್ ಎಂದು (ಎಲ್ಲವೂ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಕಾಣುವ ಫ್ರೇಮುಗಳ ಲೆಕ್ಕ, ಏರಿಸುವ ಉಪಾಯಗಳು) ಕಂಡರೆ ಆ ಚಾರ್ಟನ್ನು ಬದಿಗಿಡಿ. ಎರಡೂ ಕಾರ್ಡನ್ನು ಅವನ್ನೆಲ್ಲ ಆಫ್ ಮಾಡಿ ಅಳೆದ ಅಂಕಿ ಹುಡುಕಿ.

ಸಿಂಥೆಟಿಕ್ ಬೆಂಚ್‌ಮಾರ್ಕ್: 3ಡಿಮಾರ್ಕ್, ಸೂಪರ್‌ಪೊಸಿಷನ್

ಬರೀ ಅಳೆಯುವುದಕ್ಕೆಂದೇ ಬರೆದ ಪ್ರೋಗ್ರಾಂಗಳು ಇವು. ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಡೌನ್‌ಲೋಡ್ ಮಾಡಿ ಒಂದು ಬಟನ್ ಒತ್ತಿದರೆ ಸ್ಕೋರು ಬರುತ್ತದೆ. ಎಲ್ಲರ ಕಂಪ್ಯೂಟರಿನಲ್ಲೂ ಅದೇ ದೃಶ್ಯ, ಅದೇ ಕ್ಯಾಮೆರಾ ದಾರಿ. ಹೋಲಿಸುವುದಕ್ಕೆ ಸುಲಭ. ಮೋಸ ಮಾಡುವುದಕ್ಕೂ ಅಷ್ಟೇ ಸುಲಭ, ಯಾಕೆಂದರೆ ಮುಂದಿನ ಕ್ಷಣ ಪರದೆ ಮೇಲೆ ಏನು ಬರುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತು.

2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಬಂದಿತ್ತು. ಆಗ ಕ್ವೇಕ್ 3 ಎಂಬ ಆಟವೇ ಎಲ್ಲರ ಅಳತೆಗೋಲು. ಯಾರೋ ಜಾಣರು ಆಟದ ಫೈಲಿನ ಹೆಸರನ್ನು 'ಕ್ವೇಕ್' ಇದ್ದದ್ದು 'ಕ್ವ್ಯಾಕ್' ಎಂದು ಬದಲಿಸಿ ಓಡಿಸಿದರು. ಅದೇ ಆಟ, ಅದೇ ಕಾರ್ಡು. ವೇಗ ಇಳಿಯಿತು, ಚಿತ್ರ ಮಾತ್ರ ಮೊದಲಿಗಿಂತ ಚೊಕ್ಕವಾಯಿತು! ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಆಟದ ಫೈಲಿನ ಹೆಸರು ನೋಡಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಇಳಿಸಿ ಎಫ್‌ಪಿಎಸ್ ಏರಿಸುತ್ತಿತ್ತು.

ಎರಡು ವರ್ಷಕ್ಕೆ ಎನ್‌ವಿಡಿಯಾ ಸರದಿ. ಈ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. 3ಡಿಮಾರ್ಕ್ 03ರಲ್ಲಿ ಕ್ಯಾಮೆರಾ ಹಳಿ ಮೇಲೆ ಓಡಿದ ಹಾಗೆ ಒಂದೇ ದಾರಿಯಲ್ಲಿ ಸಾಗುತ್ತದೆ. ದಾರಿ ಗೊತ್ತಿರುವುದರಿಂದ, ಕ್ಯಾಮೆರಾಗೆ ಕಾಣದ ಭಾಗವನ್ನು ಬಿಡಿಸುವ ಗೋಜಿಗೇ ಹೋಗದ ಹಾಗೆ ಡ್ರೈವರಿನಲ್ಲಿ ಮೊದಲೇ ಗೆರೆ ಹಾಕಿಟ್ಟಿದ್ದರು. ನೋಡುವವರಿಗೆ ವ್ಯತ್ಯಾಸವೇ ಇಲ್ಲ. ಆದರೆ ಡೆವಲಪರ್‌ಗಳಿಗೆ ಕೊಟ್ಟಿದ್ದ ಆವೃತ್ತಿಯಲ್ಲಿ ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಬಹುದಿತ್ತು. ತಿರುಗಿಸಿ ನೋಡಿದರೆ ಹಳಿಯಿಂದ ಆಚೆ ದೃಶ್ಯ ಚೂರುಚೂರು. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವವರು ಚೀಲದ ಬಾಯಿ ನೋಡಿ ರೇಟು ಹೇಳುವುದಿಲ್ಲ, ನಡುವಿಗೆ ಚುಚ್ಚಿ ಕಾಳು ತೆಗೆದು ನೋಡುತ್ತಾರೆ, ಅಲ್ವಾ? ಇಲ್ಲಿ ಮಾಡಿದ್ದೂ ಅದೇ ಕೆಲಸ. ಆಗ 3ಡಿಮಾರ್ಕ್ ತಯಾರಿಸುತ್ತಿದ್ದ ಫಿನ್‌ಲೆಂಡಿನ ಫ್ಯೂಚರ್‌ಮಾರ್ಕ್ ಕಂಪನಿ 2003ರ ಮೇ ತಿಂಗಳಲ್ಲಿ ಒಂದು ಪ್ಯಾಚ್ ಬಿಟ್ಟಿತು. ಅದನ್ನು ಹಾಕಿದ ಮೇಲೆ ಎನ್‌ವಿಡಿಯಾದ ಜೀಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಸ್ಕೋರು ಶೇ. 24.1ರಷ್ಟು ಬಿತ್ತು. ಎಟಿಐ ಕಾರ್ಡಿನದ್ದೂ ಬಿತ್ತು, ಶೇ. 1.9ರಷ್ಟು. ಮುಂದಿನ ತಿಂಗಳು ಫ್ಯೂಚರ್‌ಮಾರ್ಕ್ ಮತ್ತು ಎನ್‌ವಿಡಿಯಾ ರಾಜಿಯಾದವು. ಅದನ್ನು 'ಮೋಸ' ಎನ್ನುವುದು ಬೇಡ, 'ಆಪ್ಟಿಮೈಸೇಷನ್' ಎನ್ನೋಣ ಎಂದು ಜಂಟಿ ಹೇಳಿಕೆ ಕೊಟ್ಟವು. ಓದಿದವರು ನಕ್ಕರು, ಮತ್ತಿನ್ನೇನು.

ಹಾಗಾದರೆ ಡ್ರೈವರಿನಲ್ಲಿ ಮಾಡುವ ಸುಧಾರಣೆಯೆಲ್ಲ ಮೋಸವಾ? ಅಲ್ಲ. ಹೊಸ ಆಟ ಬಂದಾಗ ಅದಕ್ಕೆಂದೇ ಡ್ರೈವರ್ ಬರುತ್ತದೆ. ಚಿತ್ರ ಕೆಡದೆ ವೇಗ ಹೆಚ್ಚಿದರೆ ಆ ಲಾಭ ಆಡುವ ನಿಮಗೇ ಸಿಗುತ್ತದೆ. ಬೆಂಚ್‌ಮಾರ್ಕ್ ಪ್ರೋಗ್ರಾಂ ಅನ್ನು ಯಾರೂ ಆಡುವುದಿಲ್ಲ. ಅದೊಂದಕ್ಕೇ ಮಾಡಿದ ಸುಧಾರಣೆಯಿಂದ ಜಾಹೀರಾತು ಹಾಕುವವರಿಗೆ ಬಿಟ್ಟರೆ ಇನ್ಯಾರಿಗೂ ಉಪಯೋಗ ಇಲ್ಲ. ನಾನು ಗೆರೆ ಎಳೆಯುವುದು ಅಲ್ಲಿ.

ಇಷ್ಟಾದರೂ ಇವತ್ತು 3ಡಿಮಾರ್ಕ್ ಬೇಡ ಎನ್ನುವುದಿಲ್ಲ. ಪೆಟ್ಟು ತಿಂದು ಕಲಿತ ಪರೀಕ್ಷೆ ಅದು. ತಯಾರಕರು ಒಪ್ಪಿದ ಡ್ರೈವರಿನಲ್ಲಿ ಓಡಿಸಿದ ಫಲಿತಾಂಶಕ್ಕೆ ಮಾತ್ರ ಅದು ಸಿಂಧು ಎಂಬ ಗುರುತು ಹಾಕುತ್ತದೆ. ಎಎಮ್‌ಡಿ ಕಾರ್ಡಿನ ಸೆಟ್ಟಿಂಗಿನಲ್ಲಿ ಟೆಸಲೇಷನ್ (ಮೇಲ್ಮೈಗೆ ಸಣ್ಣ ವಿವರ ಸೇರಿಸುವ ಕೆಲಸ) ಆಫ್ ಮಾಡಿ 3ಡಿಮಾರ್ಕಿನ ಫೈರ್ ಸ್ಟ್ರೈಕ್ ಪರೀಕ್ಷೆ ಓಡಿಸಿದರೆ ಸ್ಕೋರು ಏರುತ್ತದೆ, ಆದರೆ ಆ ಗುರುತು ಸಿಗುವುದಿಲ್ಲ. ಅದಕ್ಕೇ ಸ್ಕ್ರೀನ್‌ಶಾಟ್ ನೋಡಿ ಒಪ್ಪಬೇಡಿ, ಫಲಿತಾಂಶದ ಲಿಂಕ್ ಕೇಳಿ. ಲಿಂಕಿನಲ್ಲಿ ಕಾರ್ಡು, ಡ್ರೈವರ್, ಕ್ಲಾಕ್ (ಚಿಪ್ ಓಡುವ ವೇಗ), ಬಿಸಿ ಎಲ್ಲ ಕಾಣುತ್ತದೆ. ಇನ್ನೊಂದು ಸಂಗತಿ: ಟೈಮ್ ಸ್ಪೈನ ಒಟ್ಟು ಸ್ಕೋರಿನಲ್ಲಿ ಶೇ. 85 ಪಾಲು ಗ್ರಾಫಿಕ್ಸಿನದ್ದು, ಶೇ. 15 ಸಿಪಿಯುದ್ದು. ಕಾರ್ಡಿಗೆ ಕಾರ್ಡು ಹೋಲಿಸುವಾಗ ಗ್ರಾಫಿಕ್ಸ್ ಸ್ಕೋರ್ ಎಂದು ಪ್ರತ್ಯೇಕವಾಗಿ ಬರೆದದ್ದನ್ನೇ ನೋಡಿ. ಒಳ್ಳೇ ಪ್ರೊಸೆಸರ್ ಇದ್ದವನ ಒಟ್ಟು ಸ್ಕೋರು ಸುಮ್ನೆ ಮೇಲೆ ನಿಂತಿರುತ್ತದೆ.

ಯೂನಿಜಿನ್ ಕಂಪನಿಯ ಹೆವನ್ ಮತ್ತು ಸೂಪರ್‌ಪೊಸಿಷನ್ ಹಳೆಯವು, ಪುಕ್ಕಟೆ ಸಿಗುತ್ತವೆ. ಹೆವನ್‌ನಲ್ಲಿ ಕ್ಯಾಮೆರಾ ನಿಮ್ಮ ಕೈಗೇ ಸಿಗುತ್ತದೆ, ಬೇಕಾದಲ್ಲಿ ಓಡಾಡಬಹುದು. ನನಗೆ ಇದು ಇಷ್ಟ. ಫರ್‌ಮಾರ್ಕ್ ಎಂಬ ರೋಮದ ಉಂಗುರ ಕಾಣಿಸುವ ಪ್ರೋಗ್ರಾಂ ಮಾತ್ರ ವೇಗ ಅಳೆಯುವುದಕ್ಕಲ್ಲ. ಅದು ಕಾರ್ಡನ್ನು ಕಾಯಿಸುವುದಕ್ಕೆ ಇರುವುದು. ಅದನ್ನು ಗುರುತು ಹಿಡಿದು ಕಾರ್ಡನ್ನು ನಿಧಾನ ಮಾಡುವ ಡ್ರೈವರ್‌ಗಳೂ ಬಂದುಹೋಗಿವೆ.

ಫೋನಿನ ವಿಷಯ ಕೇಳುವವರಿಗೆ ಎರಡು ಮಾತು. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಗ್ರಾಫಿಕ್ಸ್ ಚಿಪ್ ಕೆಲವು ಬೆಂಚ್‌ಮಾರ್ಕ್ ಆ್ಯಪ್‌ಗಳಲ್ಲಿ 533 ಮೆಗಾಹರ್ಟ್ಸ್ ಓಡುತ್ತಿತ್ತು, ಆಟಗಳಿಗೆ 480 ಮಾತ್ರ. 2018ರಲ್ಲಿ ವಾವೇ ಫೋನುಗಳನ್ನು 3ಡಿಮಾರ್ಕ್ ತಂಡ ಹಿಡಿದದ್ದು ಬಲು ಸೊಗಸು. ಎಲ್ಲರಿಗೂ ಸಿಗುವ ಆ್ಯಪ್ ಒಂದು, ತಮ್ಮ ಬಳಿ ಮಾತ್ರ ಇದ್ದ ಹೆಸರು ಬದಲಿಸಿದ ಆ್ಯಪ್ ಇನ್ನೊಂದು. ಒಳಗಿನ ಪರೀಕ್ಷೆ ಒಂದೇ. ಮೊದಲನೆಯದರಲ್ಲಿ ಶೇ. 47ರ ತನಕ ಜಾಸ್ತಿ ಸ್ಕೋರು! ಪಿ20 ಸೇರಿ ನಾಲ್ಕು ಮಾಡೆಲ್‌ಗಳನ್ನು ಪಟ್ಟಿಯಿಂದ ಕಿತ್ತು ಹಾಕಿದರು. ಫೋನು ಕೊಳ್ಳುವಾಗ ಅಂತುತು ಎಂಬ ಬೆಂಚ್‌ಮಾರ್ಕ್ ಆ್ಯಪ್‌ನ ಸ್ಕೋರು ನೋಡುವ ಬದಲು ಅಂಗಡಿಯ ಡೆಮೊ ಪೀಸಿನಲ್ಲಿ ನಿಮ್ಮ ಆಟವನ್ನೇ ಹದಿನೈದು ನಿಮಿಷ ಆಡಲು ಕೇಳಿ. ಎಲ್ಲರೂ ಬಿಡುವುದಿಲ್ಲ, ಕೇಳಿದರೆ ನಷ್ಟವೂ ಇಲ್ಲ.

ಆಟದೊಳಗಿನ ಬೆಂಚ್‌ಮಾರ್ಕಾ, ಆಡಿ ನೋಡುವುದಾ?

ಸೈಬರ್‌ಪಂಕ್ 2077, ಶ್ಯಾಡೋ ಆಫ್ ದ ಟೂಂಬ್ ರೇಡರ್ ಮುಂತಾದ ಆಟಗಳ ಮೆನುವಿನಲ್ಲೇ ಬೆಂಚ್‌ಮಾರ್ಕ್ ಇದೆ. ಸಿಂಥೆಟಿಕ್‌ಗಿಂತ ಇದು ಮೇಲು. ಇದಕ್ಕೆಂದು ಡ್ರೈವರ್ ತಿದ್ದಿದರೂ ಬಹುಪಾಲು ಅದು ಆಟಕ್ಕೂ ದಕ್ಕುತ್ತದೆ. ಆದರೆ ಇಲ್ಲೂ ಕ್ಯಾಮೆರಾ ದಾರಿ ನಿಗದಿಯಾಗಿದೆ. ಎಷ್ಟೋ ಆಟಗಳಲ್ಲಿ ಆ ಒಂದು ನಿಮಿಷದ ದೃಶ್ಯಕ್ಕೂ ನಿಜವಾಗಿ ಆಡುವಾಗಿನ ಹೊರೆಗೂ ಸಂಬಂಧವೇ ಇರುವುದಿಲ್ಲ.

ಮೋಸ ಮಾಡಲು ಅತಿ ಕಷ್ಟವಾದದ್ದು ನೀವೇ ಆಡಿ ಅಳೆಯುವುದು. ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಹಿಂದೆ ಕೆಲಸ ಮಾಡುವುದು ಇಂಟೆಲ್‌ನ ಪ್ರೆಸೆಂಟ್‌ಮಾನ್. ಆಟದ ಒಂದು ಜಾಗ ಆರಿಸಿ, ಅದೇ ದಾರಿಯಲ್ಲಿ ಒಂದು ನಿಮಿಷ ನಡೆದು ರೆಕಾರ್ಡ್ ಮಾಡಿ. ಮೂರು ಸಲ ಮಾಡಿ, ನಡುವಿನ ಅಂಕಿ ಇಟ್ಟುಕೊಳ್ಳಿ. ಶೇ. 3ರ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಒಂದೇ ಕಾರ್ಡನ್ನು ಎರಡು ಸಲ ಓಡಿಸಿದರೂ ಅಷ್ಟು ಹೆಚ್ಚುಕಮ್ಮಿ ಬರಬಹುದು.

ಸರಾಸರಿ ಎಫ್‌ಪಿಎಸ್ ಜೊತೆಗೆ '1% ಲೋ' ಎಂಬುದನ್ನೂ, ಅಂದರೆ ಅತಿ ನಿಧಾನದ ಶೇ. 1 ಫ್ರೇಮುಗಳ ವೇಗವನ್ನೂ ನೋಡಿ. ಸರಾಸರಿ ಏನೇನು ಮುಚ್ಚಿಡುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಹಾಕೋಣ. ಸೆಕೆಂಡಿಗೆ 60 ಫ್ರೇಮಿನಂತೆ ಹತ್ತು ಸೆಕೆಂಡಿಗೆ 600 ಫ್ರೇಮು. ನಡುವೆ ಒಂದೇ ಒಂದು ಫ್ರೇಮು 200 ಮಿಲಿಸೆಕೆಂಡ್ ಸಿಕ್ಕಿಹಾಕಿಕೊಂಡಿತು ಎನ್ನಿ. ಉಳಿದ 9.8 ಸೆಕೆಂಡಿಗೆ 588, ಇದೊಂದು ಸೇರಿ 589. ಸರಾಸರಿ 58.9. ಕಾಗದದ ಮೇಲೆ ಏನೂ ಆಗಿಲ್ಲ! ಆಡುವವನಿಗೆ ಮಾತ್ರ ಪರದೆ ಗಕ್ಕನೆ ನಿಂತು ಎದುರಾಳಿ ಗುಂಡು ಹೊಡೆದು ಹೋಗಿರುತ್ತಾನೆ. ಮೆಮೊರಿ ಸಾಲದ ಕಾರ್ಡುಗಳಲ್ಲಿ ಇದು ಜಾಸ್ತಿ. 4 ಜಿಬಿ ಕಾರ್ಡಿಗೂ 8 ಜಿಬಿ ಕಾರ್ಡಿಗೂ ಸರಾಸರಿಯಲ್ಲಿ ಕಾಣದ ವ್ಯತ್ಯಾಸ 1% ಲೋನಲ್ಲಿ ಎದ್ದು ಕಾಣುತ್ತದೆ.

ಇದರ ತೊಂದರೆ ಏನೆಂದರೆ ಕಾರ್ಡು ಕೈಗೆ ಬಂದ ಮೇಲಷ್ಟೇ ಮಾಡಲು ಸಾಧ್ಯ. ಸ್ನೇಹಿತರ ಬಳಿ ಅದೇ ಕಾರ್ಡು ಇದ್ದರೆ ಅದೃಷ್ಟ. ಇಲ್ಲದಿದ್ದರೆ ಬೇರೆ ಬೇರೆ ಕಡೆಯ ಮೂರ್ನಾಲ್ಕು ರಿವ್ಯೂ ಒಟ್ಟಿಗೆ ಇಟ್ಟು ನೋಡಿ. ಅದರಲ್ಲೂ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಕಾರ್ಡನ್ನು ಪರೀಕ್ಷಿಸುವವರಿಗೆ ನನ್ನ ಮೊದಲ ಓಟು. 2016ರಲ್ಲಿ ಎಂಎಸ್ಐ, ಏಸಸ್ ಕಂಪನಿಗಳು ಜಿಟಿಎಕ್ಸ್ 1080ರ ರಿವ್ಯೂ ಕಾರ್ಡುಗಳನ್ನು ಅಂಗಡಿಯವಕ್ಕಿಂತ ಚೂರು ಹೆಚ್ಚಿನ ಕ್ಲಾಕ್‌ನಲ್ಲಿ ಕಳಿಸಿದ್ದು ಬಯಲಾಗಿತ್ತು. ವ್ಯತ್ಯಾಸ ಅತ್ಯಲ್ಪ. ಆದರೂ ಮಾಡಿದರಲ್ಲ!

ಆಟವಾಡದೆ ಬ್ಲೆಂಡರ್‌ನಲ್ಲಿ 3ಡಿ ಕೆಲಸ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಇಷ್ಟೆಲ್ಲ ಬೇಡ. ನಿಮ್ಮದೇ ಒಂದು ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ರೆಂಡರ್ ಹಾಕಿ, ಗಡಿಯಾರ ನೋಡಿ. ನಿಮ್ಮ ಫೈಲಿಗೆಂದು ಯಾವ ಕಂಪನಿಯೂ ಡ್ರೈವರ್ ತಿದ್ದಿರುವುದಿಲ್ಲ.

ಲ್ಯಾಪ್‌ಟಾಪ್: ಹೆಸರು ಒಂದೇ, ವ್ಯಾಟ್ ಬೇರೆ

ನಮ್ಮೂರಲ್ಲಿ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್‌ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ತೆಳ್ಳಗಿನ ಮಾಡೆಲ್‌ಗೂ ದಪ್ಪ ಮಾಡೆಲ್‌ಗೂ ಅದೇ ಸ್ಟಿಕರ್. ಅಂಗಡಿಯವರು ತೋರಿಸುವ ಸ್ಕೋರು ಬಹುಪಾಲು ದಪ್ಪ ಮಾಡೆಲ್‌ನದ್ದು, ಮನೆಗೆ ಹೋಗುವುದು ತೆಳ್ಳಗಿನದ್ದು. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲಿನ ಪುಟದಲ್ಲಿ ಟಿಜಿಪಿ ಅಥವಾ ಗರಿಷ್ಠ ಗ್ರಾಫಿಕ್ಸ್ ಪವರ್ ಎಂದು ಬರೆದಿರುತ್ತಾರೆ, ಅದನ್ನು ಓದಿಕೊಂಡೇ ಅಂಗಡಿಗೆ ಹೋಗಿ. ಬರೆಯದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಒಂದೇ ಒಂದು ರ‍್ಯಾಮ್ ಕಡ್ಡಿ ಇದ್ದರೂ ಎಫ್‌ಪಿಎಸ್ ಇಳಿಯುತ್ತದೆ, ಅದನ್ನೂ ಕೇಳಿ.

ಎರಡನೆಯದು ಬಿಸಿ. ಟೈಮ್ ಸ್ಪೈ ಒಂದು ಸಲ ಓಡಿ ಮುಗಿಯುವುದು ಎರಡು ಮೂರು ನಿಮಿಷದಲ್ಲಿ. ಅಷ್ಟರಲ್ಲಿ ಲ್ಯಾಪ್‌ಟಾಪಿನ ತಾಮ್ರದ ಪೈಪೂ ಸರಿಯಾಗಿ ಕಾದಿರುವುದಿಲ್ಲ. ಎಸಿ ರೂಮಿನಲ್ಲಿ ತೆಗೆದ ಸ್ಕೋರಾದರೆ ಕೇಳುವುದೇ ಬೇಡ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಹೊರಗೆ 38, 39 ಡಿಗ್ರಿ. ಹಾಸ್ಟೆಲ್ ರೂಮಿನಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಆಗ ಮಾಡಿ ನೋಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಪ್ರೋಗ್ರಾಂ ತೆರೆದು ಸೆನ್ಸರ್ಸ್ ಟ್ಯಾಬಿಗೆ ಹೋಗಿ, ಪಕ್ಕದಲ್ಲಿ ಆಟ ಹಾಕಿ. ಮೊದಲ ಐದು ನಿಮಿಷ ಕ್ಲಾಕ್ ಗೆರೆ ನೆಟ್ಟಗೆ. ಡಬ್ಲ್ಯೂ, ಎ, ಎಸ್, ಡಿ ಕೀಗಳ ಕೆಳಗೆ ಬೆರಳಿಗೆ ಬಿಸಿ ತಾಕತೊಡಗುತ್ತದೆ. ಫ್ಯಾನ್ ಸದ್ದು ಏರುತ್ತದೆ. ಆಮೇಲೆ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಕೆಳಗೆ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲಿದೆ. ಅದರಲ್ಲಿ ಥರ್ಮಲ್ ಎಂದು ಬಂದರೆ ಚಿಪ್ ಬಿಸಿಗೆ ಹೆದರಿ ನಿಧಾನವಾಗಿದೆ ಎಂದರ್ಥ. ಪವರ್ ಎಂದು ಬಂದರೆ ಕಂಪನಿ ಕೊಟ್ಟ ವ್ಯಾಟ್ ಅಷ್ಟೇ. ಮೊದಲನೆಯದಕ್ಕೆ ಸ್ಟ್ಯಾಂಡು, ಧೂಳು ತೆಗೆಸುವುದು, ಹೊಸ ಪೇಸ್ಟು ಮುಂತಾದ ಉಪಾಯಗಳಿವೆ. ಎರಡನೆಯದಕ್ಕೆ ಏನೂ ಮಾಡಲು ಬರುವುದಿಲ್ಲ.

3ಡಿಮಾರ್ಕಿನ ದುಡ್ಡು ಕೊಡುವ ಆವೃತ್ತಿಯಲ್ಲಿ ಸ್ಟ್ರೆಸ್ ಟೆಸ್ಟ್ ಇದೆ. ಒಂದೇ ದೃಶ್ಯವನ್ನು 20 ಸುತ್ತು ಓಡಿಸುತ್ತದೆ. ಅತಿ ನಿಧಾನದ ಸುತ್ತು ಅತಿ ವೇಗದ ಸುತ್ತಿನ ಶೇ. 97 ಇದ್ದರೆ ಪಾಸು. ಲ್ಯಾಪ್‌ಟಾಪಿಗೆ ಒಂದೇ ಪರೀಕ್ಷೆ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಎರಡು ಲ್ಯಾಪ್‌ಟಾಪ್ ಹೋಲಿಸುವುದಾದರೆ ಎರಡನ್ನೂ ಒಂದೇ ರೂಮಿನಲ್ಲಿ, ಒಂದೇ ಹೊತ್ತಿನಲ್ಲಿ, ಚಾರ್ಜರ್ ಹಾಕಿಯೇ ಓಡಿಸಬೇಕು. ಬ್ಯಾಟರಿ ಮೇಲೆ ಗ್ರಾಫಿಕ್ಸ್ ಚಿಪ್ ಅರ್ಧ ನಿದ್ದೆಯಲ್ಲಿರುತ್ತದೆ. ಕರೆಂಟು ಹೋಗಿ ಬಂದರೆ ಆ ಸುತ್ತನ್ನು ಲೆಕ್ಕದಿಂದ ತೆಗೆದು ಮತ್ತೆ ಶುರು ಮಾಡಿ.

ಹಳೇ ಕಾರ್ಡು, ಅಗ್ಗದ ಕಾರ್ಡು

ಇಲ್ಲಿ ಸ್ಕೋರಿಗಿಂತ ಮೊದಲು ಕಾರ್ಡು ಅದೇನಾ ಎಂದು ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರಲಿ, ಆನ್‌ಲೈನಿನಲ್ಲಿ ಬರಲಿ, ಡಬ್ಬದ ಮೇಲಿನ ಹೆಸರು ನಂಬಬೇಡಿ. ಜಿಟಿಎಕ್ಸ್ 1050 ಟಿಐ ಎಂದು ಮಾರಿದ ಎಷ್ಟೋ ಕಾರ್ಡುಗಳ ಒಳಗೆ ಇದ್ದದ್ದು 2011ರ ಜಿಟಿಎಕ್ಸ್ 550 ಟಿಐ ಚಿಪ್. ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ಹೆಸರು ಬದಲಿಸಿರುತ್ತಾರೆ, ವಿಂಡೋಸ್ ಕೂಡ 1050 ಟಿಐ ಎಂದೇ ತೋರಿಸುತ್ತದೆ. ಹಿಂದುಗಡೆ ನೀಲಿ ವಿಜಿಎ ಪೋರ್ಟ್ ಕಂಡರೆ ಅಲ್ಲೇ ಅನುಮಾನ ಪಡಿ, ಅಸಲಿ 1050 ಟಿಐ ಚಿಪ್‌ಗೆ ಆ ಹಳೇ ಅನಲಾಗ್ ಸಿಗ್ನಲ್ ಕೊಡಲು ಬರುವುದೇ ಇಲ್ಲ. ಜಿಪಿಯು-ಝಡ್ 2018ರಿಂದ ಇಂಥ ಎನ್‌ವಿಡಿಯಾ ಕಾರ್ಡುಗಳ ಹೆಸರಿನ ಮುಂದೆ 'ಫೇಕ್' ಎಂದೇ ಹಾಕುತ್ತದೆ.

ನಕಲಿಯಲ್ಲದೆಯೂ ಟೋಪಿ ಬೀಳುತ್ತದೆ. ಜಿಟಿ 1030 ಎರಡು ಥರ ಇದೆ. ಜಿಡಿಡಿಆರ್5 ಮೆಮೊರಿಯದ್ದಕ್ಕೆ ಸೆಕೆಂಡಿಗೆ 48 ಜಿಬಿ ಸಾಗಿಸುವ ಶಕ್ತಿ. 2018ರಲ್ಲಿ ಬಂದ ಡಿಡಿಆರ್4 ಮೆಮೊರಿಯದ್ದಕ್ಕೆ 16.8. ಹೆಸರು ಒಂದೇ. ಆರ್‌ಟಿಎಕ್ಸ್ 3050 ಕಾರ್ಡಿನಲ್ಲೂ 8 ಜಿಬಿಯದ್ದಕ್ಕೆ 2,560 ಕೋರು, 6 ಜಿಬಿಯದ್ದಕ್ಕೆ 2,304. ಕಮ್ಮಿ ಆದದ್ದು ಮೆಮೊರಿ ಮಾತ್ರ ಅಂದುಕೊಂಡು ಕೊಳ್ಳುವವರೇ ಜಾಸ್ತಿ.

ಮಾರುವವನ ಕಂಪ್ಯೂಟರಿನಲ್ಲೇ ನೋಡುವುದಾದರೆ ನಿಮ್ಮ ಪೆನ್‌ಡ್ರೈವ್‌ನಿಂದ ಜಿಪಿಯು-ಝಡ್ ಓಡಿಸಿ, ಅವನು ಮೊದಲೇ ತೆರೆದಿಟ್ಟದ್ದನ್ನು ಮುಚ್ಚಿ. ಚಿಪ್ ಹೆಸರು, ಶೇಡರ್ (ಕೋರಿಗೇ ಇನ್ನೊಂದು ಹೆಸರು) ಸಂಖ್ಯೆ, ಮೆಮೊರಿಯ ಬಗೆ, ಬಸ್ (ಮೆಮೊರಿಗೆ ಹೋಗುವ ದಾರಿ) ಅಗಲ, ಈ ನಾಲ್ಕು ಸಾಲು ಸಾಕು. ಆಮೇಲೆ ಡ್ರೈವರ್ ಸೆಟ್ಟಿಂಗ್ ಎಲ್ಲ ಡಿಫಾಲ್ಟಿಗೆ ತನ್ನಿ, ಓವರ್‌ಕ್ಲಾಕ್ (ನಿಗದಿಗಿಂತ ಏರಿಸಿದ ಕ್ಲಾಕ್) ತೆಗೆಸಿ, ಹೆವನ್ ಓಡಿಸಿ. ಕೊನೆಗೆ ಫರ್‌ಮಾರ್ಕ್ ಹತ್ತು ನಿಮಿಷ. ಪರದೆ ಮೇಲೆ ಚುಕ್ಕಿ, ಗೆರೆ ಮೂಡಿದರೆ ಮೆಮೊರಿ ಹೋಗಿದೆ ಎಂದೇ ಲೆಕ್ಕ, ಎದ್ದು ಬನ್ನಿ.

ಎಎಮ್‌ಡಿಯ ಆರ್‌ಎಕ್ಸ್ 580 ಕೊಳ್ಳುವವರು ಶೇಡರ್ ಸಾಲನ್ನು ವಿಶೇಷವಾಗಿ ನೋಡಿ. ಅಸಲಿ 580ಕ್ಕೆ 2,304 ಇರಬೇಕು. 2018ರಲ್ಲಿ ಚೀನಾ ಮಾರುಕಟ್ಟೆಗೆಂದು ಬಂದ 2048ಎಸ್‌ಪಿ ಎಂಬ ಕಾರ್ಡು ನಮ್ಮಲ್ಲೂ ಬೇಕಾದಷ್ಟು ಓಡಾಡುತ್ತಿದೆ. ಡಬ್ಬದ ಮೇಲೆ 580, ಒಳಗೆ 570ರಷ್ಟೇ, ಅಂದರೆ 2,048 ಶೇಡರ್. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ಹೆಸರು, ಮೆಮೊರಿ, ಶೇಡರ್ ಸಂಖ್ಯೆ ಬರೆಸಿ. ಬಿಲ್ಲೇ ಇಲ್ಲ ಎಂದರೆ ಜಿಪಿಯು-ಝಡ್ ಪರದೆಯ ಫೋಟೊವನ್ನು ಮಾರುವವನ ನಂಬರಿಗೇ ವಾಟ್ಸಾಪ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. 2,048 ಎಂದು ಬಂತಾ, 570ರ ರೇಟಿಗೆ ಕೇಳಿ. ಆ ರೇಟಿಗೆ ಕೊಟ್ಟರೆ ತಗೊಳ್ಳಬಹುದು, ಕೆಟ್ಟ ಕಾರ್ಡೇನೂ ಅಲ್ಲ.